ರೆಕ್ಕೆಯ ತುದಿಯಲ್ಲಿ ಒಂದು ಬೆರಳಿನ ಬಣ್ಣ

ಅಪ್ಪ ಹೇಳುವ ಪ್ರಕಾರ, ಸಿಡಿಲು ಬಡಿದ ವಿಮಾನವನ್ನು ಉಳಿಸಿದವಳು ನಾನು. ಹೊನ್ನಾವರದ ಬಂದರಿನಲ್ಲಿ ಈ ಕತೆ ಒಂದು ರೀತಿ ಇದೆ, ಭಟ್ಕಳದಲ್ಲಿ ಇನ್ನೊಂದು ರೀತಿ. ಕುಮಟಾದ ಬಸ್‌ಸ್ಟ್ಯಾಂಡ್ ತಲುಪುವ ಹೊತ್ತಿಗೆ ವಿಮಾನದ ಒಂದು ರೆಕ್ಕೆ ಪೂರ್ತಿ ಸುಟ್ಟುಹೋಗಿರುತ್ತದೆ. ಎಲ್ಲ ಕಡೆಯೂ ಬದಲಾಗದೆ ಉಳಿದಿರುವ ಭಾಗ ಇಷ್ಟು: ದೊಡ್ಡ ದೊಡ್ಡ ಎಂಜಿನಿಯರುಗಳು ಎರಡು ದಿನ ಹುಡುಕಿದರೂ ಸಿಗದ ದೋಷವನ್ನು ಬೋಟಿನ ವೈರ್‌ಮನ್ ಮಗಳು ಒಂದೇ ನೋಟಕ್ಕೆ ಹಿಡಿದಳು.

ಒಂದೇ ನೋಟಕ್ಕೆ ಹಿಡಿದದ್ದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಆ ವಿಮಾನವನ್ನು ಯಾರೂ ಉಳಿಸಬೇಕಾಗಿರಲಿಲ್ಲ. ಸಿಡಿಲು ಬಡಿದ ಮೇಲೂ ಅದು ಮುಕ್ಕಾಲು ಗಂಟೆ ಹಾರಿ, ಸರಿಯಾಗಿ ಇಳಿದು, ಒಳಗಿದ್ದವರೆಲ್ಲ ತಮ್ಮ ತಮ್ಮ ಚೀಲ ಹುಡುಕಿಕೊಂಡು ಮನೆಗೆ ಹೋಗಿದ್ದರು. ನಾನು ಅದನ್ನು ಮುಟ್ಟಿದ್ದು ಆಮೇಲೆ. ಇನ್ನು ಒಂದೇ ನೋಟಕ್ಕೆ ಹೇಗೆ ಹಿಡಿದೆ ಎಂಬುದು ಅಪ್ಪನ ಕತೆಯಲ್ಲಿ ಬರುವುದೇ ಇಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಆ ದೋಷ ಮಾಡಿದವಳೂ ನಾನೇ.

ಪಿಯುಸಿಯ ಎರಡು ವರ್ಷ ನಾನು ಹೊನ್ನಾವರದಿಂದ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಅಲ್ಲಿ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಿನಗೆ ಏನು ಅನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಅಭ್ಯಾಸದ ಒಂದು ಲಾಭವೆಂದರೆ, ನನ್ನ ಮೇಲಿನ ಆರೋಪವನ್ನೂ ಬೇರೆಯವರ ವಿಷಯ ಎಂಬಂತೆ ಮೇಜಿನ ಮೇಲಿಟ್ಟು ನೋಡಲು ಬರುತ್ತದೆ. ನಷ್ಟ ಏನೆಂದು ಮುಂದೆ ಹೇಳುತ್ತೇನೆ.

ಮೊದಲು ಕೆಲಸದ ವಿಷಯ. ನಾನು ಇರುವುದು ವಿಮಾನಗಳನ್ನು ರಿಪೇರಿ ಮಾಡುವ ಒಂದು ಹ್ಯಾಂಗರ್‌ನಲ್ಲಿ, ಊರಿನಿಂದ ಅರ್ಧ ದಿನದ ರೈಲಿನ ದೂರದಲ್ಲಿ. ಸಿಡಿಲಿನಿಂದ ವೈರಿಂಗಿಗೆ ಇರುವ ರಕ್ಷಣೆ ಸರಿಯಾಗಿದೆಯೇ ಎಂದು ನೋಡುವ ಗುಂಪಿನಲ್ಲಿ ನಾನು ಕಿರಿಯಳು. ವಿಮಾನಕ್ಕೆ ಸಿಡಿಲು ಬಡಿಯುವುದು ಜನ ತಿಳಿದಷ್ಟು ಅಪರೂಪವಲ್ಲ, ತಿಳಿದಷ್ಟು ಭಯಂಕರವೂ ಅಲ್ಲ. ಅದು ಮೂಗಿಗೋ ರೆಕ್ಕೆಯ ತುದಿಗೋ ತಾಗಿ, ಹೊರಮೈಯ ಲೋಹದ ಮೇಲೆ ಹರಿದು, ಇನ್ನೊಂದು ತುದಿಯಿಂದ ಹೊರಟುಹೋಗುತ್ತದೆ. ಹೋಗುವ ದಾರಿ ಎಲ್ಲೂ ಕಡಿದಿರಬಾರದು. ಸಿಡಿಲಿನ ಬೇಡಿಕೆ ಅಷ್ಟೇ. ರೆಕ್ಕೆಯ ತುದಿಯ ದೀಪಕ್ಕೆ ಹೋಗುವ ತಂತಿಗಳ ಕಟ್ಟಿಗೆ ಅಂಗಿಯ ತೋಳಿನಂತೆ ಒಂದು ಲೋಹದ ಜಾಲರಿ ಹೊದಿಸಿರುತ್ತಾರೆ. ಜಾಲರಿಯ ತುದಿಯಲ್ಲಿ ಉಂಗುರದ ಹಾಗೆ ಇರುವ ಲಗ್ಗನ್ನು ಬೋಲ್ಟ್ ಹಾಕಿ ರೆಕ್ಕೆಯ ಲೋಹಕ್ಕೆ ಬಿಗಿಯುತ್ತೇವೆ. ಜಾಲರಿಗೆ ಬಂದದ್ದು ಅಲ್ಲಿಂದ ಮೈಗೆ ಇಳಿಯಬೇಕು, ಒಳಗಿನ ತಂತಿಗೆ ಹೋಗಬಾರದು.

ಇದಕ್ಕೆ ಲಗ್ಗಿನ ಅಡಿಯ ಲೋಹ ಬರಿದಾಗಿರಬೇಕು. ರೆಕ್ಕೆಯ ಒಳಭಾಗಕ್ಕೆಲ್ಲ ಹಸಿರು ಮಿಶ್ರಿತ ಹಳದಿ ಪ್ರೈಮರ್ ಬಳಿದಿರುತ್ತದೆ. ಲಗ್ ಕೂರುವಲ್ಲಿ ಮಾತ್ರ ನಾಣ್ಯದಗಲ ಅದನ್ನು ಉಜ್ಜಿ ತೆಗೆದು ಬೆಳ್ಳಗೆ ಮಾಡಬೇಕು. ಒಬ್ಬರು ಉಜ್ಜುತ್ತಾರೆ. ಲಗ್ ಹಾಕುವ ಮೊದಲು ಇನ್ನೊಬ್ಬರು ಬಂದು ಟಾರ್ಚ್ ಹಿಡಿದು ಆ ಬರಿ ಲೋಹವನ್ನು ಕಣ್ಣಾರೆ ನೋಡಿ, ಕೆಲಸದ ಕಾರ್ಡಿನಲ್ಲಿ ಸಹಿ ಹಾಕಿ ಮುದ್ರೆ ಒತ್ತುತ್ತಾರೆ. ಆಮೇಲೆ ಬಿಗಿಯುವುದು, ಮೀಟರ್ ಹಿಡಿಯುವುದು. ಲಗ್ ಕೂತ ಮೇಲೆ ಅಡಿಯಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಎರಡನೆಯವರ ಕಣ್ಣು.

ನಾನು ಆ ದೋಷ ಮಾಡಿದ ದಿನ ಎರಡನೆಯ ಕಣ್ಣು ನಮ್ಮ ಗುಂಪಿನ ಹಿರಿಯರದು, ನಾನು ಸರ್ ಎಂದೇ ಕರೆಯುವವರು. ಕುಮಟಾ ತಾಲ್ಲೂಕಿನ ಸಂತೆಗುಳಿ ಕಡೆಯವರು, ಇಪ್ಪತ್ತೆರಡು ವರ್ಷದ ಸರ್ವಿಸು. ಅಷ್ಟು ದೊಡ್ಡ ಹ್ಯಾಂಗರ್‌ನಲ್ಲಿ ‘ಎಂತ’ ಎಂದು ಕೇಳುವವರು ನಾವಿಬ್ಬರೇ. ಮೊದಲ ತಿಂಗಳು ಅವರು ನನ್ನ ಹೆಸರು ಕರೆದದ್ದೇ ಇಲ್ಲ. ಎಲ್ಲಕ್ಕೂ ‘ಹೊನ್ನಾವರ’. “ಹೊನ್ನಾವರ, ಎಂತ ಮಾಡ್ತಿದ್ದಿ?” “ಹೊನ್ನಾವರ, ಊಟ ಆತಾ?” ಆಮೇಲೆ ನನ್ನ ಕೆಲಸ ನೋಡಿ ಸ್ವಲ್ಪ ಹೆಮ್ಮೆಯನ್ನೂ ಪಟ್ಟರು. ಒಂದು ಸಲ ಕ್ಯಾಂಟೀನಿನಲ್ಲಿ ಎಲ್ಲರ ಎದುರು, “ಇವಳ ಕೆಲಸಕ್ಕೆ ಕಣ್ಣು ಮುಚ್ಚಿ ಸಹಿ ಹಾಕ್ಬಹುದು ಮಾರಾಯ್ರೆ” ಎಂದಿದ್ದರು. ಆಗ ನನಗೆ ಅದು ಹೊಗಳಿಕೆ ಅನ್ನಿಸಿತ್ತು. ಈಗ ಅದು ಸಾಕ್ಷ್ಯ.

ನಾನು ಉಜ್ಜಿದೆ. ಲೋಹ ಬೆಳ್ಳಗೆ ಹೊಳೆಯಿತು. ಸರ್ ಅವರನ್ನು ಕರೆದೆ. ಹತ್ತು ನಿಮಿಷದಲ್ಲಿ ಬರುತ್ತೇನೆಂದರು. ಆ ಹತ್ತು ನಿಮಿಷದಲ್ಲಿ ನಡೆದದ್ದನ್ನು ವಿವರಿಸಲು ನಾನು ಹ್ಯಾಂಗರ್ ಬಿಟ್ಟು ಅಪ್ಪನ ಬೋಟುಗಳಿಗೆ ಬರಬೇಕು.

ಅಪ್ಪ ಬೋಟುಗಳ ವೈರಿಂಗ್ ಮಾಡುತ್ತಾನೆ. ದೀಪ, ಪಂಪು, ಮೀನು ತೋರಿಸುವ ಮಷಿನ್ನು, ಎಲ್ಲದಕ್ಕೂ ಅವನೇ. ಚಿಕ್ಕಂದಿನಿಂದ ರಜೆಗಳಲ್ಲಿ ನಾನು ಅವನ ಜೊತೆ ಕೂತು ಕೆಲಸ ಕಲಿತೆ. ಅವನ ಮೊದಲ ಪಾಠ: ಬರಿ ಲೋಹವನ್ನು ಹಾಗೇ ಬಿಡಬಾರದು. ಉಜ್ಜಿದ ತಕ್ಷಣ ಬಣ್ಣ. ಸಂಜೆವರೆಗೆ ಬಿಟ್ಟರೂ ಉಪ್ಪುಗಾಳಿ ತಿನ್ನಲು ಶುರುಮಾಡುತ್ತದೆ. ನಮ್ಮ ಕಡೆ ಗೇಟಿಗೆ, ಕಿಟಕಿಯ ಸರಳಿಗೆ, ಬಾವಿಯ ರಾಟೆಗೆ, ಸೈಕಲ್ಲಿಗೆ, ಎಲ್ಲಕ್ಕೂ ಜನ ಮಳೆಗೆ ಮೊದಲು ಬಣ್ಣ ಬಳಿಯುತ್ತಾರೆ. ಬ್ರಷ್ಷು ಹೋಗದ ಜಾಗಕ್ಕೆ ಅಪ್ಪ ತೋರುಬೆರಳಿಗೆ ಬಟ್ಟೆ ಸುತ್ತಿ, ಬಣ್ಣದಲ್ಲಿ ಅದ್ದಿ, ಒತ್ತಿ ಬಲಕ್ಕೆ ಒಂದು ಸುತ್ತು ತಿರುಗಿಸಿ ಎಳೆಯುತ್ತಾನೆ. ಕೊನೆಯಲ್ಲಿ ಒಂದು ಸಣ್ಣ ಬಾಲ ಉಳಿಯುತ್ತದೆ, ಅಲ್ಪವಿರಾಮದ ಹಾಗೆ. ಆಮೇಲೆ ಅದರ ಮೇಲೇ ತಂತಿ ಕೂರಿಸಿ ಬಿಗಿಯುತ್ತಾನೆ. ಬೋಟು ಓಡುತ್ತದೆ.

ರೆಕ್ಕೆಯ ಪಕ್ಕದಲ್ಲಿ ಬೇರೆ ಕೆಲಸಕ್ಕೆಂದು ತೆರೆದಿಟ್ಟ ಪ್ರೈಮರ್ ಡಬ್ಬಿ ಇತ್ತು. ನನ್ನ ಬೆರಳಿಗೆ ಬಟ್ಟೆಯೂ ಇತ್ತು, ಒರೆಸುತ್ತಿದ್ದೆನಲ್ಲ. ಹೊರಗೆ ಮಳೆ. ನಾನು ಯೋಚಿಸಿ ಮಾಡಿದ್ದಲ್ಲ. ಬಾಗಿಲಿಗೆ ಚಿಲಕ ಹಾಕಿದ್ದು ಆಮೇಲೆ ನೆನಪಿರುವುದಿಲ್ಲವಲ್ಲ, ಹಾಗೆ ಕೈ ಮಾಡಿ ಮುಗಿಸಿತ್ತು. ಸುತ್ತಲಿನ ಬಣ್ಣವೂ ಅದೇ ಆದ್ದರಿಂದ ಬಳಿದದ್ದು ಎದ್ದು ಕಾಣಲೂ ಇಲ್ಲ. ಟಾರ್ಚನ್ನು ಜೇಬಿಗೆ ಹಾಕಿಕೊಂಡು ಬಿಗಿಯುವ ಸ್ಪ್ಯಾನರ್ ತರಲು ಉಪಕರಣಗಳ ಕೋಣೆಗೆ ಹೋದೆ. ಅಲ್ಲಿ ಸರದಿ ಇತ್ತು. ತಿರುಗಿ ಬಂದಾಗ ಕಾರ್ಡಿನಲ್ಲಿ ಸರ್ ಅವರ ಸಹಿ ಬಿದ್ದಿತ್ತು: ಬರಿ ಲೋಹವನ್ನು ನೋಡಲಾಗಿದೆ. ಸರ್ ಆಚೆ ಬದಿಯ ಚಕ್ರದ ಹತ್ತಿರ ಹೋಗಿಯಾಗಿತ್ತು. ನಾನು ಲಗ್ ಕೂರಿಸಿ ಬಿಗಿದೆ. ಬೋಲ್ಟಿನ ತಿರುಪಿನ ಗೀರುಗಳ ಮೂಲಕ ಅಷ್ಟಿಷ್ಟು ಸಂಪರ್ಕ ಸಿಕ್ಕಿದ್ದರಿಂದ ಮೀಟರ್ ಸರಿಯಾದ ಅಂಕಿಯನ್ನೇ ತೋರಿಸಿತು. ಸರ್ ಬಂದು ಅದನ್ನು ನನ್ನೆದುರೇ ಇನ್ನೊಮ್ಮೆ ಅಳೆದರು. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.

ತಿಂಗಳುಗಳ ಮೇಲೆ ಆ ವಿಮಾನಕ್ಕೆ ಸಿಡಿಲು ಬಡಿಯಿತು. ಮೈಮೇಲೆ ಅಲ್ಲಲ್ಲಿ ಸಾಸಿವೆಯಷ್ಟು ಸುಟ್ಟ ಕಲೆ, ಒಂದು ರೆಕ್ಕೆಯ ತುದಿಯ ದೀಪ ಸತ್ತಿತ್ತು. ಇಷ್ಟೇ ನಷ್ಟ. ದೀಪ ಯಾಕೆ ಹೋಯಿತು ಎಂದು ಎರಡು ದಿನ ಬಲ್ಬು, ಸ್ವಿಚ್ಚು, ತಂತಿ ಎಲ್ಲ ನೋಡಿದರು. ಮೂರನೆಯ ದಿನ ನನಗೆ ಲಗ್ ಬಿಚ್ಚಲು ಹೇಳಿದರು. ಬಿಚ್ಚಿದೆ. ಮಸಿಯ ನಡುವೆ ಪ್ರೈಮರ್ ಪದರ, ಅದರ ಬಲಬದಿಯಲ್ಲಿ ಒಂದು ಅಲ್ಪವಿರಾಮ.

“ಇದು ನನ್ನ ಕೈಕೆಲಸ” ಎಂದೆ. ಪಕ್ಕದಲ್ಲಿದ್ದವರು ತಮಾಷೆ ಎಂದುಕೊಂಡರು.

ನನಗೆ ಬಂದದ್ದು ಮರುತರಬೇತಿ. ಮೂರು ತಿಂಗಳು ಒಬ್ಬಳೇ ಯಾವ ಕೆಲಸವನ್ನೂ ಮುಗಿಸುವಂತಿಲ್ಲ. ಸರ್ ಅವರ ಮುದ್ರೆಯನ್ನು ವಾಪಸ್ ತೆಗೆದುಕೊಂಡು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಇದು ಅನ್ಯಾಯ ಎಂದು ಮೊದಲು ವಾದಿಸಿದವಳೂ ನಾನೇ. ಬಳಿದವಳಿಗೆ ಪಾಠ, ಬಳಿಯದವರಿಗೆ ಶಿಕ್ಷೆಯೇ? ವಿಚಾರಣೆಯ ಅಧಿಕಾರಿ ಸಮಾಧಾನವಾಗಿಯೇ ಉತ್ತರಿಸಿದರು: ಮೊದಲ ಸಹಿ ಕೆಲಸ ಆಗಿದೆ ಎನ್ನುತ್ತದೆ, ಎರಡನೆಯದು ಕೆಲಸ ಸರಿಯಾಗಿದೆ ಎನ್ನುತ್ತದೆ. ಜನ ಕೂತು ಹಾರುವುದು ಎರಡನೆಯದನ್ನು ನಂಬಿ.

ಸರ್ ಬರೆದುಕೊಟ್ಟದ್ದು ಎರಡೇ ಶಬ್ದ: ಸಹಿ ನನ್ನದು. ಅದಕ್ಕೇ ನನಗೆ ಪತ್ರ ಬಂತು. ಸೋಮವಾರದೊಳಗೆ ಇನ್ನೊಂದು ಹೇಳಿಕೆ ಬರೆದು ಕಳಿಸಬೇಕು. ಸಹಿ ಹಾಕುವ ಮೊದಲು ಅವರು ಆ ಜಾಗವನ್ನು ನೋಡಿದ್ದರೇ, ನಿಮಗೆ ಗೊತ್ತಿರುವುದೇನು? ನೋಡಿಯೂ ಗುರುತಿಸದೆ ಹೋಗಿದ್ದರೆ ಅದು ಕಣ್ತಪ್ಪು. ಪರೀಕ್ಷೆ ಬರೆದರೆ ಮುದ್ರೆ ತಿರುಗಿ ಸಿಗುತ್ತದೆ. ನೋಡದೆಯೇ ಸಹಿ ಹಾಕಿದ್ದರೆ ಅದು ಸುಳ್ಳು. ಮತ್ತೆ ಯಾವ ಹ್ಯಾಂಗರ್‌ನಲ್ಲೂ ಅವರು ಮುದ್ರೆ ಹಿಡಿಯುವಂತಿಲ್ಲ.

ಪತ್ರ ಹಿಡಿದುಕೊಂಡು ರಜೆಯ ಮೇಲೆ ಊರಿಗೆ ಬಂದೆ. ಮೀನುಗಾರಿಕೆ ಬಂದ್ ಇರುವ ದಿನಗಳು ಮುಗಿಯುತ್ತಿದ್ದವು. ಅಪ್ಪನಿಗೆ ಭಟ್ಕಳದ ಬಂದರಿನಲ್ಲಿ ಒಂದು ಬೋಟಿನ ವೈರಿಂಗ್ ಬಾಕಿ ಇತ್ತು. ಬಾ ಎಂದ, ಹೋದೆ. ಕೆಲಸಕ್ಕಿಂತ ನನ್ನನ್ನು ತೋರಿಸುವ ಆಸೆ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬೋಟಿನ ಮಾಲಕರು ಕಾಯುತ್ತಾ ನಿಂತಿದ್ದರು.

“ಇವ್ಳೇಯಾ?” ಎಂದರು ಅವರು. “ನಮ್ಮ ತಮ್ಮ ಬರೂ ವಾರ ದುಬೈಗೆ ಹೋಗ್ತಾನೆ. ಅಮ್ಮ ಟೀವಿಯಲ್ಲಿ ಮೋಡ ನೋಡಿ ನೋಡಿ ಅವನನ್ನ ಬಿಡೂದೇ ಇಲ್ಲ ಅಂತಾರೆ. ನೀವು ಒಂದು ಮಾತು ಹೇಳಿದ್ರೆ ಆತು.”

“ಎಂತ ಹೇಳ್ಬೇಕು, ಸಾಹೇಬ್ರೆ?” ಎಂದೆ.

“ಎಲ್ಲಾ ನಾನೇ ಚೆಕ್ ಮಾಡಿದ್ದೇನೆ ಅಂತ.”

ಅಪ್ಪ ನಕ್ಕ. ನಾನು, “ಸಿಡಿಲು ಬಡಿದ್ರೂ ವಿಮಾನಕ್ಕೆ ಎಂತದೂ ಆಗೂದಿಲ್ಲ ಅಂತ ಹೇಳಿ. ಅದು ಸತ್ಯ. ನಾನು ಚೆಕ್ ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ” ಎಂದೆ.

“ನೋಡಿದ್ರಾ ಮೇಸ್ತ್ರಿ, ಎಷ್ಟು ಸೊಕ್ಕಿಲ್ಲದ ಹುಡುಗಿ” ಎಂದು ಅವರು ಅಪ್ಪನಿಗೆ ಹೇಳಿ ಚಹಾ ಹೇಳಲು ಹೋದರು. ನಿಜ ಹೇಳಿದರೆ ವಿನಯ ಎಂದು ತಿಳಿಯುವವರ ಜೊತೆ ವಾದ ಮಾಡುವುದು ಕಷ್ಟ.

ಅಪ್ಪ ಇಂಜಿನ್ ಪಕ್ಕ ಬಗ್ಗಿ ಒಂದು ತುದಿಯನ್ನು ಉಜ್ಜಿ, ಬೆರಳಿಗೆ ಬಟ್ಟೆ ಸುತ್ತಿ, ಕೆಂಪು ಬಣ್ಣದಲ್ಲಿ ಅದ್ದಿ, ಒತ್ತಿ ತಿರುಗಿಸಿದ. ಬಾಲ ಬಿತ್ತು. ನಾನು ಆ ಬಾಲವನ್ನೇ ನೋಡುತ್ತಾ, ರೆಕ್ಕೆಯಲ್ಲಿ ಸಿಕ್ಕಿದ್ದು ಏನು, ಯಾರದು ಎಂದು ಪೂರ್ತಿ ಹೇಳಿದೆ. ಅಪ್ಪ ಬಗ್ಗಿದಲ್ಲೇ ಕೇಳಿಸಿಕೊಂಡ. ಎದ್ದು ನಿಲ್ಲಲಿಲ್ಲ.

“ಬೋಟಿಗೆ ಸರಿ ಅಲ್ದಾ ಇದು?” ಎಂದ ಕೊನೆಗೆ.

“ಬೋಟಿಗೂ ಸರಿ ಅಲ್ಲ ಅಪ್ಪ. ಮೊದ್ಲು ಬಿಗಿದು ಆಮೇಲೆ ಬಳೀಬೇಕು. ನಿನ್ನ ಬೋಟಲ್ಲಿ ಸಣ್ಣ ಬ್ಯಾಟರಿ, ಅದಕ್ಕೆ ನಡೀತದೆ.”

“ಮೂವತ್ತು ವರ್ಷ ನಡೆದದೆ.”

“ನಡೆದದ್ದು ಅಂದ್ರೆ ಸರಿ ಇದ್ದದ್ದು ಅಂತಲ್ಲ.”

“ಆತು ಮಾರಾಯ್ತಿ. ಕಪ್ಪು ನೀನೇ ಇಟ್ಕೊ” ಎಂದ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳನ್ನು ಅವನೇ ಟೀವಿಯ ಮೇಲೆ ಸಾಲಾಗಿ ಇಟ್ಟಿದ್ದಾನೆ. ಬಣ್ಣದ ಡಬ್ಬಿ ಮುಚ್ಚುತ್ತಾ, “ಆ ಸಂತೆಗುಳಿಯವ್ರ ಕೆಲಸ ಹೋಗ್ತದಾ?” ಎಂದು ಕೇಳಿದ.

“ನಾನು ಬರೆಯೂದರ ಮೇಲೆ.”

“ಹಾಂಗಾದ್ರೆ ಅವ್ರು ನೋಡಿದ್ರು ಅಂತ ಬರಿ. ಅದರಲ್ಲೆಂತ ಯೋಚ್ನೆ?”

ಅಲ್ಲೇ ಯೋಚನೆ. ನಾನು ಅದನ್ನು ಎರಡೂ ಪಕ್ಷದಿಂದ ವಾದಿಸಿ ನೋಡಿದ್ದೆ. ಸರ್ ನೋಡಿದ್ದರು ಎಂಬ ಪಕ್ಷಕ್ಕೆ ಒಳ್ಳೆಯ ವಾದವಿದೆ. ಅವರೂ ನಮ್ಮ ಕಡೆಯವರೇ, ಬಣ್ಣ ಬಳಿದ ಲೋಹ ನೋಡಿದರೆ ಅವರ ಕಣ್ಣಿಗೂ ಕೆಲಸ ಮುಗಿದ ಹಾಗೆ ಕಾಣುತ್ತದೆ. ಬೇರೆ ಯಾವ ಊರಿನವರಾದರೂ ಕೂಡಲೇ ಹಿಡಿಯುತ್ತಿದ್ದ ತಪ್ಪು ನಮ್ಮಿಬ್ಬರಿಗೂ ತಪ್ಪಾಗಿ ಕಾಣದಿರಬಹುದು. ಕೇಳಲು ಚೆನ್ನಾಗಿದೆ. ಆದರೆ ಇಪ್ಪತ್ತೆರಡು ವರ್ಷ ಬರಿ ಲೋಹ ನೋಡುವುದನ್ನೇ ಕೆಲಸ ಮಾಡಿಕೊಂಡವರಿಗೆ ಅದು ಒಪ್ಪುವ ಮಾತೇ? ಇನ್ನೊಂದು ಪಕ್ಷಕ್ಕೆ ಕ್ಯಾಂಟೀನಿನ ಮಾತಿದೆ. ಇಲ್ಲಿ ನಾನು ಮೊದಲು ಹೇಳಿದ ನಷ್ಟ ಬರುತ್ತದೆ. ಎರಡೂ ಕಡೆ ಸಮನಾಗಿ ವಾದಿಸಲು ಬರುವವಳಿಗೆ, ತಾನು ನಂಬುವುದು ಯಾವುದನ್ನು ಎಂದು ಕೊನೆಗೆ ಗೊತ್ತಾಗುವುದಿಲ್ಲ. ಜೊತೆಗೆ ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ.

ಮರುದಿನ ಕುಮಟಾಕ್ಕೆ ಬಸ್ಸು ಹತ್ತಿದೆ. ಸರ್ ಹಗಲು ಹೊತ್ತು ಕುಮಟಾದಲ್ಲಿ ತಮ್ಮ ಭಾವನ ಮೋಟಾರ್ ರಿಪೇರಿ ಅಂಗಡಿಯಲ್ಲಿ ಇರುತ್ತಾರೆಂದು ಫೋನಿನಲ್ಲಿ ಹೇಳಿದ್ದರು. ಹೋದಾಗ ಒಬ್ಬರೇ ಇದ್ದರು. ಕಾಲಿನ ನಡುವೆ ಒಂದು ಪಂಪ್‌ಸೆಟ್ಟಿನ ಮೋಟಾರು.

“ಓ, ಹೊನ್ನಾವರ. ಬಾ ಬಾ. ವಿಮಾನ ಉಳಿಸಿದವಳು ಬತ್ತಾಳೆ ಅಂತ ಮೊದ್ಲೇ ಹೇಳಿದ್ರೆ ಬೋರ್ಡ್ ಹಾಕ್ತಿದ್ದೆ.”

“ಆ ಕತೆ ಇಲ್ಲಿಗೂ ಬಂತಾ ಸರ್?”

“ನಿನ್ನೆ ಒಬ್ಬರು ಪಂಪ್ ತಂದವ್ರು ಹೇಳಿದ್ರು. ರೆಕ್ಕೆಗೆ ಬೆಂಕಿ ಬಿದ್ದಿತ್ತಂತಲೆ. ನಾನೂ ಹೌದಾ ಅಂದೆ.”

ಸ್ಟೂಲು ತೋರಿಸಿದರು. ಕೂತೆ. ಅವರು ಮೋಟಾರಿನ ಒಂದು ತುದಿಯನ್ನು ಚಾಕುವಿನಿಂದ ಕೆರೆದು ತಾಮ್ರ ಹೊಳೆಯುವಂತೆ ಮಾಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಂತಿ ಕೂರಿಸಿ ಬಿಗಿದರು. ಪೂರ್ತಿ ಬಿಗಿದಾದ ಮೇಲೆ ಹೊರಗಿನಿಂದ ವಾರ್ನಿಶ್ ಬಳಿದರು. ಸರಿಯಾದ ಕ್ರಮ. ಇಷ್ಟು ಚೆನ್ನಾಗಿ ಗೊತ್ತಿರುವವರು ಆ ದಿನ ನೋಡಿದ್ದರೆ ಹಿಡಿಯದೆ ಬಿಡುತ್ತಿರಲಿಲ್ಲ ಎಂದು ಒಂದು ಪಕ್ಷ ಎದ್ದು ನಿಂತಿತು. ವಿಚಾರಣೆ ಎದುರಿಸಿದ ಮೇಲೆ ಯಾರಾದರೂ ಹೀಗೇ ಮಾಡುತ್ತಾರೆ ಎಂದು ಇನ್ನೊಂದು.

ಅವರ ಫೋನು ಬಂತು. ಮನೆಯಿಂದ. “ಇಲ್ಲೆ, ಊಟಕ್ಕೆ ಬತ್ತೆ. ಒಂದು ಮೋಟಾರು ಬಾಕಿ ಇದ್ದು” ಎಂದು ಮನೆಮಾತಿನಲ್ಲಿ ಹೇಳಿ ಇಟ್ಟರು. ಆಮೇಲೆ ನನ್ನ ಕಡೆ ನೋಡದೆ, “ಪತ್ರ ಬಂತಾ ನಿಂಗೆ?” ಎಂದರು.

“ಬಂತು ಸರ್. ಸೋಮವಾರದೊಳಗೆ ಬರೀಬೇಕು.”

“ನಿಂಗೆ ಹ್ಯಾಂಗೆ ಅನುಕೂಲ ಹಾಂಗೆ ಬರಿ.”

“ಅನುಕೂಲದ್ದಲ್ಲ ಸರ್. ಆದದ್ದು ಬರೀಬೇಕು. ಆದದ್ದೆಂತ ಅಂತ ನಂಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ.”

“ಹಾಂಗಾದ್ರೆ ಗೊತ್ತಿಲ್ಲ ಅಂತ ಬರಿ.”

“ಗೊತ್ತಿಲ್ಲ ಅಂತ ಬರೆದ್ರೆ ವಿಚಾರಣೆಯವ್ರು ನೀವು ನೋಡಿಲ್ಲ ಅಂತ್ಲೇ ಓದ್ತಾರೆ. ನೀವೂ ಎಂತದೂ ಬರೀಲಿಲ್ಲ.”

ಅವರು ವಾರ್ನಿಶ್ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. “ಹೊನ್ನಾವರ, ನೀನು ಚರ್ಚೆ ಮಾಡಿದವಳು. ಒಂದು ಲೆಕ್ಕ ಹೇಳು. ನೋಡಿಯೂ ಗೊತ್ತಾಗದೆ ಹೋದವ ದಡ್ಡ. ನೋಡದೆ ಸಹಿ ಹಾಕಿದವ ಕಳ್ಳ. ದಡ್ಡ ಅಂತ ಒಪ್ಪಿದ್ರೆ ಕೆಲಸ ಉಳೀತದೆ. ಇಪ್ಪತ್ತೆರಡು ವರ್ಷ ಆದ ಮೇಲೆ ಎರಡರಲ್ಲಿ ಯಾವ್ದು ಆರಿಸ್ಕೊಳ್ಳೂದು?”

“ಆರಿಸೂದಲ್ಲ ಸರ್ ಅದು. ಎರಡರಲ್ಲಿ ಒಂದು ಆಗಿ ಹೋಗಿದೆ.”

“ಹೌದು” ಎಂದರು. ಅವರು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

ಯಾರಿಗೂ ಹೇಳಿರಲಿಲ್ಲ ಎಂದೆನಲ್ಲ, ಆ ವಿಷಯ ಇದು. ನಮ್ಮ ಹ್ಯಾಂಗರ್‌ನಲ್ಲಿ ಉಪಕರಣಗಳ ಹಲಗೆಯಿಂದ ಏನು ತೆಗೆದರೂ ಅದು ತೂಗುತ್ತಿದ್ದ ಮೊಳೆಗೆ ನಮ್ಮ ನಂಬರಿನ ಬಿಲ್ಲೆ ತೂಗುಹಾಕಬೇಕು, ವಿಮಾನದೊಳಗೆ ಏನೂ ಮರೆತು ಉಳಿಯಬಾರದೆಂದು. ಮೊಬೈಲನ್ನು ಬಾಗಿಲಲ್ಲೇ ಇಟ್ಟು ಬರಬೇಕು. ರೆಕ್ಕೆಯ ತುದಿಯ ಆ ಕಿಂಡಿ ಅಂಗೈ ಹೋಗುವಷ್ಟೇ ಇದೆ, ಹಗಲಲ್ಲೂ ಒಳಗೆ ಕತ್ತಲು. ಬೆಳಕಿಲ್ಲದೆ ಅಲ್ಲಿ ಬರಿ ಲೋಹವೂ ಕಾಣುವುದಿಲ್ಲ, ಬಳಿದ ಲೋಹವೂ ಕಾಣುವುದಿಲ್ಲ. ಆ ಕೆಲಸಕ್ಕೆ ಕೊಟ್ಟದ್ದು ಒಂದೇ ಟಾರ್ಚು. ಅದರ ಮೊಳೆಯಲ್ಲಿ ಇದ್ದದ್ದು ನನ್ನ ಬಿಲ್ಲೆ, ಟಾರ್ಚು ನನ್ನ ಜೇಬಿನಲ್ಲಿ. ಪಕ್ಕದ ವಿಮಾನದವರಿಂದ ಸರ್ ಒಂದನ್ನು ಕೇಳಿ ತಂದಿರಲೂಬಹುದು. ಹಾಗೆ ತರುವುದು ನಿಯಮವಲ್ಲ, ಆದರೆ ಎಲ್ಲರೂ ತರುತ್ತಾರೆ, ಯಾರೂ ಬರೆದಿಡುವುದಿಲ್ಲ. ಇದನ್ನು ಹೇಳಿಕೆಯಲ್ಲಿ ಬರೆದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಬರೆಯದಿದ್ದರೆ ಕೇಳುವವರು ಯಾರೂ ಇಲ್ಲ.

ನಾನು ಸ್ಟೂಲಿನಿಂದ ಎದ್ದೆ. ಸರ್ ತಲೆ ಎತ್ತಲಿಲ್ಲ.

“ಸರ್, ಆ ದಿನ ನಾನು ಸ್ಪ್ಯಾನರ್ ತರಲಿಕ್ಕೆ ಹೋದಾಗ, ನಿಮ್ಮ ಹತ್ರ ಟಾರ್ಚ್ ಇತ್ತಾ?”